ಎನ್‌ಕ್ಲೆಕ್ಸ್ ಪರೀಕ್ಷೆಗೆ ಒಟ್ಟು ಎಷ್ಟು ದುಡ್ಡು ಎತ್ತಿಡಬೇಕು?

ಪ್ರಶ್ನೆ: ನಾನು ಭಾರತದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಮದುವೆಯಾಗಿ ನ್ಯೂಯಾರ್ಕ್‌ಗೆ ಬಂದಿದ್ದೇನೆ. ಗ್ರೀನ್ ಕಾರ್ಡ್ ಇದೆ. ಸದ್ಯ ಹೋಮ್ ಹೆಲ್ತ್ ಏಡ್ (ಮನೆಗೇ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕಿ) ಆಗಿ ಗಂಟೆಗೆ 19 ಡಾಲರ್‌ಗೆ ಕೆಲಸ ಮಾಡುತ್ತಿದ್ದೇನೆ. ಮಗುವಿಗೆ ಮೂರು ವರ್ಷ. ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್‌ಗಾಗಿ ಎನ್‌ಕ್ಲೆಕ್ಸ್ ಅನ್ನುವ ಅರ್ಹತಾ ಪರೀಕ್ಷೆ ಬರೆಯಬೇಕು ಅಂತ ಆಸೆ. ಪರೀಕ್ಷೆ ಶುಲ್ಕ 200 ಡಾಲರ್ ಅಂತ ಒಬ್ಬರು ಹೇಳುತ್ತಾರೆ. ಏಜೆನ್ಸಿಯವರು 3,200 ಡಾಲರ್ ಪ್ಯಾಕೇಜ್ ಹೇಳುತ್ತಿದ್ದಾರೆ. ನನ್ನ ಹತ್ತಿರ ಈಗ 400 ಡಾಲರ್ ಇದೆ, ತಿಂಗಳಿಗೆ 150 ಉಳಿಸಬಲ್ಲೆ. ನಿಜವಾಗಿ ಎಷ್ಟು ಬೇಕು? ಯಾವಾಗ ಏನು ಕಟ್ಟಬೇಕು?

ಉತ್ತರ: ಮೊದಲು ಮೊತ್ತ ಹೇಳಿಬಿಡುತ್ತೇನೆ. ನಿಮ್ಮ ಪರಿಸ್ಥಿತಿಗೆ ಸುಮಾರು 2,500 ಡಾಲರ್ ಬೇಕು. ಒಂದು ಸಲ ಫೇಲಾದರೆ ಮತ್ತೆ ಬರೆಯುವ ಖರ್ಚು, ಓದಿಗಾಗಿ ಬಿಡುವ ಶಿಫ್ಟ್‌ಗಳ ಸಂಬಳ, ಎರಡೂ ಅದರೊಳಗೇ ಇವೆ. ನೀವು ಹೇಳಿದ ಉಳಿತಾಯದಲ್ಲಿ ಇದಕ್ಕೆ ಹದಿನಾಲ್ಕು ತಿಂಗಳು ಬೇಕು. ಜಾಸ್ತಿಯಾಯ್ತು ಅನ್ನಿಸಬಹುದು. ಆದರೆ ಈ ಹಣ ಒಂದೇ ಸಲಕ್ಕೆ ಹೋಗುವುದಿಲ್ಲ. ಸಾಲ ಮಾಡದೆ, ಪ್ಯಾಕೇಜ್ ತಗೊಳ್ಳದೆ ಮಾಡಬಹುದು.

200 ಡಾಲರ್ ಅಂದವರು ಸುಳ್ಳು ಹೇಳಿಲ್ಲ. ಅದು ಪಿಯರ್ಸನ್ ವ್ಯೂ ಕಂಪನಿಗೆ ಕಟ್ಟುವ ಪರೀಕ್ಷೆ ನೋಂದಣಿ ಶುಲ್ಕ. ಅಮೆರಿಕದ ಹೊರಗಿನ ಕೇಂದ್ರದಲ್ಲಿ ಬರೆದರೆ ಇದರ ಮೇಲೆ 150 ಡಾಲರ್ ಹೆಚ್ಚುವರಿ, ಜೊತೆಗೆ ಅಲ್ಲಿನ ತೆರಿಗೆ. ನೀವು ಅಮೆರಿಕದಲ್ಲೇ ಇರುವುದರಿಂದ ಅದು ನಿಮಗಿಲ್ಲ. ಲೈಸೆನ್ಸ್ ಕೊಡುವುದು ಪಿಯರ್ಸನ್ ಅಲ್ಲ, ರಾಜ್ಯ. ನ್ಯೂಯಾರ್ಕ್‌ನಲ್ಲಿ ಆ ಕೆಲಸ ರಾಜ್ಯ ಶಿಕ್ಷಣ ಇಲಾಖೆಯದು. ಅಲ್ಲಿ ಆರ್‌ಎನ್ ಅರ್ಜಿಗೆ 143 ಡಾಲರ್. ಲೈಸೆನ್ಸ್ ಮತ್ತು ಮೊದಲ ಅವಧಿಯ ನೋಂದಣಿ ಎರಡೂ ಅದರಲ್ಲೇ ಬರುತ್ತವೆ, ಪಾಸಾದ ಮೇಲೆ ಮತ್ತೆ ಬೇರೆ ಕಟ್ಟಬೇಕಿಲ್ಲ. ಇಷ್ಟೇ ಆಗಿದ್ದರೆ 343 ಡಾಲರ್‌ಗೆ ಕೆಲಸ ಮುಗಿಯುತ್ತಿತ್ತು. ಅಮೆರಿಕದಲ್ಲೇ ಓದಿದವರಿಗೆ ಹೆಚ್ಚುಕಮ್ಮಿ ಅಷ್ಟೇ. ಹೊರಗೆ ಓದಿದ ನಮ್ಮಂಥವರಿಗೆ ಖರ್ಚು ಬರುವುದು ದಾಖಲೆಗಳಲ್ಲಿ.

ನಿಮ್ಮ ಪದವಿ, ಅಂಕಪಟ್ಟಿ, ಭಾರತದ ನರ್ಸಿಂಗ್ ಕೌನ್ಸಿಲ್ ನೋಂದಣಿ ಎಲ್ಲ ಅಸಲಿ ಅಂತ ಪರಿಶೀಲಿಸುವ ಸಂಸ್ಥೆ ಸಿಜಿಎಫ್‌ಎನ್‌ಎಸ್. 2025ರಲ್ಲಿ ಅದರ ಹೆಸರು ಟ್ರೂಮೆರಿಟ್ ಆಗಿದೆ. ಹೊಸ ಹೆಸರು ನೋಡಿ ಬೇರೆ ಯಾರೋ ಅಂದುಕೊಳ್ಳಬೇಡಿ. ಇಲ್ಲೊಂದು ಎಚ್ಚರಿಕೆ. ಈ ಸಂಸ್ಥೆ ಒಂದಕ್ಕಿಂತ ಹೆಚ್ಚು ಬಗೆಯ ವರದಿ ಕೊಡುತ್ತದೆ. ಒಂದು ಬಗೆ ನ್ಯೂಯಾರ್ಕ್‌ಗೆಂದೇ ಇರುವ ದಾಖಲೆ ಪರಿಶೀಲನೆ. ಇನ್ನೊಂದು ನಿಮ್ಮ ಓದನ್ನು ಅಮೆರಿಕದ ಓದಿನ ಜೊತೆ ಹೋಲಿಸಿ ನೋಡುವ ಮೌಲ್ಯಮಾಪನ, ಅದನ್ನು ಬೇರೆ ಹಲವು ರಾಜ್ಯಗಳು ಕೇಳುತ್ತವೆ. ಗೆಳತಿ ಟೆಕ್ಸಾಸ್‌ಗೆ ಯಾವುದು ಮಾಡಿಸಿದಳೋ ಅದನ್ನೇ ನೀವೂ ಮಾಡಿಸಿದರೆ ಕೆಲವು ನೂರು ಡಾಲರ್ ನೀರಲ್ಲಿ ಹಾಕಿದ ಹಾಗೆ. ಕಟ್ಟುವ ಮೊದಲು ರಾಜ್ಯದ ವೆಬ್‌ಸೈಟಿನಲ್ಲಿ ವರದಿಯ ಹೆಸರು ಓದಿ, ಪಾವತಿ ಪುಟದಲ್ಲಿ ಅದೇ ಹೆಸರು ಇದೆಯಾ ನೋಡಿ. ಶುಲ್ಕ, ಸಣ್ಣಪುಟ್ಟ ಹೆಚ್ಚುವರಿ ಎಲ್ಲ ಸೇರಿ ಇದಕ್ಕೆ 600 ಡಾಲರ್ ಎತ್ತಿಡಿ ಅಂತ ನನ್ನ ಸಲಹೆ. ಉಳಿದರೆ ಒಳ್ಳೆಯದೇ.

ಅದಕ್ಕೂ ಮೊದಲು ಓದಿದ ಕಡೆಯಿಂದ ಕಾಗದ ಬರಬೇಕು. ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ಅಧಿಕೃತ ವಿವರ) ಅನ್ನು ಕಾಲೇಜು ಅಥವಾ ವಿಶ್ವವಿದ್ಯಾಲಯವೇ ನೇರವಾಗಿ ಕಳಿಸಬೇಕು. ನಿಮ್ಮ ಕೈಯಲ್ಲಿರುವ ಪ್ರತಿ ನಡೆಯುವುದಿಲ್ಲ. ನೋಂದಣಿ ದೃಢೀಕರಣವನ್ನೂ ಹಾಗೆಯೇ ಭಾರತದಲ್ಲಿ ನೀವು ನೋಂದಣಿ ಮಾಡಿಸಿದ ರಾಜ್ಯದ ನರ್ಸಿಂಗ್ ಕೌನ್ಸಿಲ್ ಕಳಿಸಬೇಕು. ಅಲ್ಲಿನ ಶುಲ್ಕ, ಕೊರಿಯರ್, ಕಚೇರಿಗೆ ಓಡಾಡುವ ತಮ್ಮನಿಗೋ ಅಣ್ಣನಿಗೋ ಬಸ್ ಖರ್ಚು ಎಲ್ಲಕ್ಕೂ 150 ಡಾಲರ್ ಇಟ್ಟುಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಮೆಡಿಕಲ್, ಸರ್ಜಿಕಲ್, ಹೆರಿಗೆ, ಮಕ್ಕಳ ವಿಭಾಗ, ಮನೋರೋಗ ವಿಭಾಗ ಪ್ರತಿಯೊಂದರಲ್ಲೂ ಪಾಠದ ಗಂಟೆ ಎಷ್ಟು, ವಾರ್ಡಿನ ಗಂಟೆ ಎಷ್ಟು ಅಂತ ಬೇರೆ ಬೇರೆ ಬರೆದಿರಬೇಕು. ಬರೀ ಅಂಕ ಇರುವ ಕಾಗದ ಬಂದರೆ ವಾಪಸ್ ಕಳಿಸುತ್ತಾರೆ, ಎರಡು ತಿಂಗಳು ಅಲ್ಲೇ ಹೋಗುತ್ತದೆ. ಆ ಕಾಗದ ಕಾಲೇಜಿನಿಂದ ಹೊರಡುವ ಮುಂಚೆಯೇ ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಲು ಮನೆಯವರಿಗೆ ಹೇಳಿ.

ಈಗ ಹೆಸರಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮವರು ಹಣ ಕಳೆದುಕೊಳ್ಳುವ ಜಾಗ ಇದು.

ಅಂಕಪಟ್ಟಿಯಲ್ಲಿ ‘ಕವಿತಾ ಎನ್.’ ಅಂತ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ‘ಎನ್’ ಬಿಡಿಸಿ ಅಪ್ಪನ ಹೆಸರು ಸರ್‌ನೇಮ್ ಆಗುತ್ತದೆ. ಮದುವೆಯಾದ ಮೇಲೆ ಗ್ರೀನ್ ಕಾರ್ಡ್‌ನಲ್ಲಿ ಗಂಡನ ಹೆಸರು ಸೇರುತ್ತದೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಜಾಗ ಸಾಲದೆ ಅರ್ಧ ಹೆಸರು ಕತ್ತರಿಸಿ ಹೋಗಿರುತ್ತದೆ. ಒಬ್ಬರೇ ಮನುಷ್ಯರು, ಹೆಸರು ಮಾತ್ರ ನಾಲ್ಕು. ಮನೆಯಲ್ಲಿ ಇದು ಯಾರಿಗೂ ತೊಂದರೆಯಿಲ್ಲ. ಪರೀಕ್ಷಾ ಕೇಂದ್ರದಲ್ಲಿ ಮಾತ್ರ ಗುರುತಿನ ಚೀಟಿಯ ಮೊದಲ ಹೆಸರು, ಕೊನೆಯ ಹೆಸರು ನೋಂದಣಿಯಲ್ಲಿ ಇರುವ ಹಾಗೇ ಇರಬೇಕು. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, 200 ಡಾಲರ್ ವಾಪಸ್ ಬರುವುದಿಲ್ಲ, ಮತ್ತೆ ಮೊದಲಿಂದ ನೋಂದಣಿ.

ಅದಕ್ಕೇ ಇವತ್ತೇ ಒಂದು ಕೆಲಸ ಮಾಡಿ. ಪರೀಕ್ಷೆಯ ದಿನ ಯಾವ ಗುರುತಿನ ಚೀಟಿ ತೋರಿಸುತ್ತೀರಿ ಅಂತ ನಿರ್ಧರಿಸಿ. ಅದರ ಅವಧಿ ಆ ದಿನಕ್ಕೂ ಮುಗಿದಿರಬಾರದು, ಫೋಟೋ ಮತ್ತು ಸಹಿ ಇರಬೇಕು. ಅದರಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಒಂದಕ್ಷರ ಆಚೀಚೆ ಇಲ್ಲದೆ, ರಾಜ್ಯದ ಅರ್ಜಿಯಲ್ಲೂ ಪರಿಶೀಲನೆ ಸಂಸ್ಥೆಯಲ್ಲೂ ಪಿಯರ್ಸನ್‌ನಲ್ಲೂ ತುಂಬಿ. ಹಳೆಯ ಅಂಕಪಟ್ಟಿಯ ಹೆಸರು ಬೇರೆ ಇದ್ದರೆ ಮದುವೆ ಪ್ರಮಾಣಪತ್ರ ಅಥವಾ ಅಫಿಡವಿಟ್ ಜೊತೆಗಿಟ್ಟು ಮೊದಲೇ ಕಳಿಸಿ. ಅವರು ಕೇಳಲಿ ಅಂತ ಕಾಯಬೇಡಿ.

ನ್ಯೂಯಾರ್ಕ್ ಇನ್ನೆರಡು ಚಿಕ್ಕ ಕೋರ್ಸ್ ಕೇಳುತ್ತದೆ. ಒಂದು ಸೋಂಕು ನಿಯಂತ್ರಣದ್ದು, ಇನ್ನೊಂದು ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವುದರದ್ದು. ಆನ್‌ಲೈನ್‌ನಲ್ಲೇ ಮುಗಿಸಬಹುದು. ಎರಡಕ್ಕೂ ಸೇರಿ 75 ಡಾಲರ್ ಇಡಿ. ರಾಜ್ಯದ ಮಾನ್ಯತೆ ಇರುವವರ ಹತ್ತಿರವೇ ಮಾಡಿ.

ಓದಿನ ಖರ್ಚಿಗೆ ಬರೋಣ. ಮೂರು ತಿಂಗಳಿಗೆ ಒಂದೇ ಒಂದು ಒಳ್ಳೆಯ ಪ್ರಶ್ನೆ ಬ್ಯಾಂಕ್ (ಅಭ್ಯಾಸದ ಪ್ರಶ್ನೆಗಳ ಚಂದಾ) ಸಾಕು. 300 ಡಾಲರ್ ಇಡಿ. ಎರಡು ಮೂರು ಚಂದಾ ತಗೊಂಡವರನ್ನು ಬಹಳ ನೋಡಿದ್ದೇನೆ. ಯಾವುದನ್ನೂ ಪೂರ್ತಿ ಮಾಡಿರುವುದಿಲ್ಲ. ಪರೀಕ್ಷೆ ನಡೆಸುವ ಎನ್‌ಸಿಎಸ್‌ಬಿಎನ್ ಯಾವ ವಿಷಯದಿಂದ ಎಷ್ಟು ಪಾಲು ಪ್ರಶ್ನೆ ಬರುತ್ತದೆ ಅನ್ನುವ ಟೆಸ್ಟ್ ಪ್ಲಾನ್ ಅನ್ನು ಉಚಿತವಾಗಿ ಕೊಡುತ್ತದೆ. ಅದನ್ನು ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ, ನೀವು ಬರೆಯುವ ತಿಂಗಳಿಗೆ ಯಾವುದು ಜಾರಿಯಲ್ಲಿದೆಯೋ ಅದನ್ನೇ ಇಳಿಸಿಕೊಳ್ಳಿ. ಇನ್ನೊಂದು ವಿಷಯ: 2023ರ ಏಪ್ರಿಲ್‌ನಿಂದ ಪರೀಕ್ಷೆಯ ರೂಪ ಬದಲಾಗಿದೆ. ಒಬ್ಬ ರೋಗಿಯ ಚಾರ್ಟ್ ಕೊಟ್ಟು ಅದರ ಮೇಲೆ ಸಾಲಾಗಿ ಪ್ರಶ್ನೆ ಕೇಳುತ್ತಾರೆ. ಐದು ಗಂಟೆಯ ಅವಧಿ, 85ರಿಂದ 150 ಪ್ರಶ್ನೆ. ಅದಕ್ಕೂ ಹಿಂದಿನ ಪುಸ್ತಕವನ್ನು ಯಾರಾದರೂ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ‘ಹೋದ ವಾರ ಬಂದ ಪ್ರಶ್ನೆಗಳು’ ಅಂತ ಮಾರುವವರ ಹತ್ತಿರವಂತೂ ಸುಳಿಯಬೇಡಿ. ಪ್ರಶ್ನೆ ಹಂಚಿಕೊಳ್ಳುವುದು ನಿಯಮದ ಉಲ್ಲಂಘನೆ. ಫಲಿತಾಂಶ ರದ್ದಾಗಬಹುದು, ಲೈಸೆನ್ಸ್‌ಗೇ ಕುತ್ತು ಬರಬಹುದು.

ಯಾರ ಲೆಕ್ಕದಲ್ಲೂ ಕಾಣದ ಖರ್ಚೊಂದಿದೆ, ಓದಿಗಾಗಿ ಬಿಡುವ ಕೆಲಸ. ನೀವು ವಾರಕ್ಕೆ ಎಂಟು ಗಂಟೆಯ ಒಂದು ಶಿಫ್ಟ್ ಬಿಟ್ಟರೆ 152 ಡಾಲರ್ ಹೋಗುತ್ತದೆ. ಹತ್ತು ವಾರ ಬಿಟ್ಟರೆ 1,520. ಅಂದರೆ ಮೇಲೆ ಹೇಳಿದ ಶುಲ್ಕ, ಕಾಗದ, ಓದು ಎಲ್ಲ ಸೇರಿದರೂ ಹೆಚ್ಚುಕಮ್ಮಿ ಅಷ್ಟೇ! ಹಾಗಾಗಿ ಮೊದಲ ದಿನದಿಂದಲೇ ಶಿಫ್ಟ್ ಬಿಡಬೇಡಿ. ದಾಖಲೆಗಳು ಓಡಾಡುವ ತಿಂಗಳುಗಳಲ್ಲಿ ದಿನಕ್ಕೆ ಒಂದು ಗಂಟೆ, ಮಗು ಮಲಗಿದ ಮೇಲೆ, ಔಷಧಿಗಳನ್ನೂ ಲ್ಯಾಬ್ ಮೌಲ್ಯಗಳನ್ನೂ ಓದಿಕೊಳ್ಳಿ. ಕೊನೆಯ ನಾಲ್ಕು ವಾರ ಮಾತ್ರ ವಾರಕ್ಕೊಂದು ಶಿಫ್ಟ್ ಬಿಡಿ. ಅದು 608 ಡಾಲರ್. ಆ ಗಂಟೆಗಳಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಅಡುಗೆ, ಮಗು ಎರಡನ್ನೂ ಮನೆಯವರು ನೋಡಿಕೊಳ್ಳಬೇಕು ಅಂತ ಈಗಲೇ ಮಾತಾಡಿಕೊಳ್ಳಿ. ಪರೀಕ್ಷೆಯ ದಿನದ ಓಡಾಟ, ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವುದು ಇವಕ್ಕೆ 100 ಇಡಿ.

ಫೇಲಾದರೆ? ಈ ಮಾತು ಎತ್ತುವುದು ಅಪಶಕುನ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. ಅಮೆರಿಕದಲ್ಲಿ ಓದಿದವರಲ್ಲಿ ಮೊದಲ ಸಲ ಬರೆದು ಪಾಸಾಗುವವರು ಹತ್ತರಲ್ಲಿ ಒಂಬತ್ತು ಜನರ ಆಸುಪಾಸು. ಹೊರದೇಶದಲ್ಲಿ ಓದಿ ಮೊದಲ ಸಲ ಬರೆಯುವವರಲ್ಲಿ ಸುಮಾರು ಅರ್ಧದಷ್ಟು. ನೀವು ಜಾಣೆಯಲ್ಲ ಅಂತ ಇದರ ಅರ್ಥ ಅಲ್ಲ. ಇಲ್ಲಿ ನರ್ಸ್ ತಾನೇ ಯೋಚಿಸಿ ಯಾವ ರೋಗಿಯನ್ನು ಮೊದಲು ನೋಡಬೇಕು, ಯಾವಾಗ ಡಾಕ್ಟರಿಗೆ ಫೋನ್ ಮಾಡಬೇಕು ಅಂತ ನಿರ್ಧರಿಸುವುದನ್ನು ಪರೀಕ್ಷಿಸುತ್ತಾರೆ. ನಮ್ಮಲ್ಲಿ ಹಲವರು ಓದಿದ್ದು ಹಾಗಲ್ಲ. ಆ ಅಭ್ಯಾಸಕ್ಕೆ ಸಮಯ ಬೇಕು. ಆದ್ದರಿಂದ ಎರಡನೇ ಸಲದ ಹಣ ಮೊದಲ ಪರೀಕ್ಷೆಗೆ ಮುಂಚೆಯೇ ಪಕ್ಕದಲ್ಲಿರಲಿ: ಮತ್ತೆ 200 ಡಾಲರ್ ನೋಂದಣಿ, ಒಂದು ತಿಂಗಳ ಪ್ರಶ್ನೆ ಬ್ಯಾಂಕ್‌ಗೆ 150, ಒಟ್ಟು 350. ಆ ಹಣ ಇದೆ ಅಂತ ಗೊತ್ತಿದ್ದರೆ ಪರೀಕ್ಷೆಯಲ್ಲಿ ಕೈ ನಡುಗುವುದು ಕಡಿಮೆ. ಕನಿಷ್ಠ 45 ದಿನ ಕಾದ ಮೇಲೆ ಮತ್ತೆ ಬರೆಯಬಹುದು. ಉಳಿದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ಲೋರಿಡಾದಲ್ಲಿ ಮೂರು ಸಲ ಫೇಲಾದವರು ಬರೆಯುವ ಮೊದಲು ಮರುತರಬೇತಿ ಮಾಡಲೇಬೇಕು, ಅದರ ಖರ್ಚು ಬೇರೆ.

ಪಾಸಾಗದವರಿಗೆ ಯಾವ ವಿಷಯದಲ್ಲಿ ಕೆಳಗಿದ್ದಾರೆ, ಯಾವುದರಲ್ಲಿ ಹತ್ತಿರ ಬಂದಿದ್ದಾರೆ ಅಂತ ಒಂದು ವರದಿ ಉಚಿತವಾಗಿ ಬರುತ್ತದೆ. ಅದು ಕೈಗೆ ಬರುವ ತನಕ ಹೊಸ ಕೋಚಿಂಗ್‌ಗೆ ಒಂದು ಡಾಲರನ್ನೂ ಕಟ್ಟಬೇಡಿ.

ಕೂಡಿಸಿ ನೋಡಿ. ಕಾಗದಪತ್ರ 150, ಪರಿಶೀಲನೆ 600, ರಾಜ್ಯ 143, ಕೋರ್ಸ್ 75, ಪ್ರಶ್ನೆ ಬ್ಯಾಂಕ್ 300, ಪರೀಕ್ಷೆ 200, ಆ ದಿನದ ಖರ್ಚು 100. ಇಲ್ಲಿಗೆ 1,568. ಮರುಪರೀಕ್ಷೆಯ 350, ಬಿಟ್ಟ ಸಂಬಳ 608 ಸೇರಿದರೆ 2,526. ಕೈಯಲ್ಲಿರುವ 400ಕ್ಕೆ ಹದಿನಾಲ್ಕು ತಿಂಗಳ 150 ಸೇರಿದರೆ 2,500. ಹೆಚ್ಚುಕಮ್ಮಿ ಸರಿಹೋಯ್ತು.

ಇನ್ನು ಯಾವಾಗ ಏನು. ಈ ದಾರಿಯಲ್ಲಿ ಹಣ ವ್ಯರ್ಥವಾಗುವುದು ಶುಲ್ಕ ದುಬಾರಿ ಅಂತ ಅಲ್ಲ. ತಪ್ಪು ಹೊತ್ತಿಗೆ ಕಟ್ಟಿ, ಅವಧಿ ಮೀರಿ, ಎರಡನೇ ಸಲ ಕಟ್ಟಬೇಕಾಗುವುದರಿಂದ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ಈ ತಿಂಗಳು 150 ಖರ್ಚು ಮಾಡಿ ಕಾಲೇಜಿನ ಕಡೆ ಕೆಲಸ ಶುರು ಮಾಡಿ. ಪರಿಶೀಲನೆ ಸಂಸ್ಥೆ ಅಥವಾ ರಾಜ್ಯದ ನಮೂನೆಗಳನ್ನು ಇಳಿಸಿಕೊಂಡು, ಕಾಲೇಜಿನಲ್ಲಿ ಯಾರು ಸಹಿ ಹಾಕುತ್ತಾರೆ, ಎಷ್ಟು ದಿನ ಬೇಕು ಅಂತ ಮೊದಲು ವಿಚಾರಿಸಿ. ಮೂರನೇ ತಿಂಗಳಿಗೆ ನಿಮ್ಮ ಕೈಯಲ್ಲಿ 700 ಇರುತ್ತದೆ. ಆಗ ಪರಿಶೀಲನೆಗೆ ಕಟ್ಟಿ. ಇಂದೇ ಕಟ್ಟಬೇಡಿ. ಅವರು ಫೈಲನ್ನು ವರ್ಷಗಟ್ಟಲೆ ತೆರೆದಿಡುವುದಿಲ್ಲ, ಕಾಗದ ಬರುವುದು ತಡವಾದರೆ ಮತ್ತೆ ಶುಲ್ಕ. ನಾಲ್ಕನೇ ತಿಂಗಳು ರಾಜ್ಯದ 143. ಆಮೇಲೆ ಕೋರ್ಸ್‌ಗಳ 75 ಬಿಟ್ಟರೆ ಐದಾರು ತಿಂಗಳು ದೊಡ್ಡ ಖರ್ಚಿಲ್ಲ. ಫೈಲ್ ಓಡುತ್ತಿರುತ್ತದೆ, ಹಣ ಕೂಡುತ್ತಿರುತ್ತದೆ, ನೀವು ಓದುತ್ತಿರುತ್ತೀರಿ.

ಪಿಯರ್ಸನ್‌ನ 200 ಮಾತ್ರ ಕೊನೆಗೆ. ಬಹಳ ಜನ ಉತ್ಸಾಹದಲ್ಲಿ ಇದನ್ನೇ ಮೊದಲು ಕಟ್ಟಿಬಿಡುತ್ತಾರೆ. ಆ ನೋಂದಣಿಗೂ ಒಂದು ವರ್ಷದ ಮಿತಿ ಇದೆ, ಅಷ್ಟರೊಳಗೆ ರಾಜ್ಯ ನಿಮ್ಮನ್ನು ಅರ್ಹರು ಅನ್ನಬೇಕು. ಹೊರದೇಶದ ದಾಖಲೆಗಳಿಗೆ ಒಂದು ವರ್ಷ ಸಾಕಾಗದೇ ಹೋಗಬಹುದು. ಇದಕ್ಕಿಂತ ಮುಖ್ಯವಾದದ್ದು ಎಟಿಟಿ, ಅಂದರೆ ಪರೀಕ್ಷೆಗೆ ಅನುಮತಿ. ರಾಜ್ಯದ ಒಪ್ಪಿಗೆ, ಪಿಯರ್ಸನ್ ನೋಂದಣಿ ಎರಡೂ ಆದಾಗಲೇ ಅದು ಈಮೇಲ್‌ಗೆ ಬರುತ್ತದೆ. ಬಂದ ದಿನದಿಂದ ಸಾಮಾನ್ಯವಾಗಿ 90 ದಿನದೊಳಗೆ ಬರೆಯಬೇಕು. ಅವಧಿ ವಿಸ್ತರಣೆ ಇಲ್ಲ. ಮೀರಿದರೆ ಮತ್ತೆ 200. ಅಂದರೆ ನೀವು ಯಾವಾಗ ನೋಂದಣಿ ಮಾಡುತ್ತೀರೋ ಅದರ ಮೇಲೆ ಆ 90 ದಿನ ಶುರುವಾಗುತ್ತದೆ. ಪ್ರಶ್ನೆ ಬ್ಯಾಂಕ್ ಹನ್ನೊಂದನೇ ತಿಂಗಳು, ಪಿಯರ್ಸನ್ ಹನ್ನೆರಡನೇ ತಿಂಗಳು, ಪರೀಕ್ಷೆ ಹದಿನಾಲ್ಕನೇ ತಿಂಗಳು ಅಂತ ಇಟ್ಟುಕೊಳ್ಳಿ. ಎಟಿಟಿ ಬಂದ ದಿನವೇ ಪರೀಕ್ಷೆಯ ದಿನಾಂಕ ಹಿಡಿಯಿರಿ. ಹತ್ತಿರದ ಕೇಂದ್ರ ತುಂಬಿದರೆ ದೂರದ ಊರಿಗೆ ಹೋಗಿ ರೂಮ್ ಮಾಡಬೇಕಾದೀತು. ಮಗುವಿಗೆ ಜ್ವರ ಬಂದರೆ ಕನಿಷ್ಠ 24 ಗಂಟೆ ಮುಂಚೆ ದಿನಾಂಕ ಬದಲಿಸಿ. ಸುಮ್ನೆ ಹೋಗದೇ ಇದ್ದರೆ ಶುಲ್ಕ ಹೋಯ್ತು.

ಬರೆದ ಮೇಲೆ ಎರಡು ಕೆಲಸದ ದಿನಗಳಲ್ಲಿ ಅನಧಿಕೃತ ಫಲಿತಾಂಶ ನೋಡಲು 7.95 ಡಾಲರ್ ಕೇಳುತ್ತಾರೆ. ಅದನ್ನು ನಿಮ್ಮ ಸಮಾಧಾನಕ್ಕೆ ಬಿಟ್ಟಿದ್ದೇನೆ, ನಿದ್ದೆ ಬರುತ್ತದೆ ಅನ್ನಿಸಿದರೆ ಕಟ್ಟಿ.

ಏಜೆನ್ಸಿಯ 3,200 ಬಗ್ಗೆ. ಅದರಲ್ಲಿ ಏನೇನಿದೆ ಅಂತ ಸಾಲುಸಾಲಾಗಿ ಬರೆದುಕೊಡಲು ಕೇಳಿ. ಇಂಥ ಪ್ಯಾಕೇಜ್‌ಗಳಲ್ಲಿ ವೀಸಾಸ್ಕ್ರೀನ್ ಅನ್ನುವುದು ಸೇರಿರುತ್ತದೆ. ಕೆಲಸದ ಮೂಲಕ ವೀಸಾ ಅಥವಾ ಗ್ರೀನ್ ಕಾರ್ಡ್ ಪಡೆಯುವ ನರ್ಸ್‌ಗಳಿಗೆ ಬೇಕಾದ ಪ್ರಮಾಣಪತ್ರ ಅದು. ನಿಮ್ಮ ಕೈಯಲ್ಲಿ ಗ್ರೀನ್ ಕಾರ್ಡ್ ಇದೆ, ನಿಮಗೆ ಬೇಡ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಸೇರಿಸಿದ್ದರೆ ಅದನ್ನೂ ರಾಜ್ಯ ನಿಮ್ಮಿಂದ ಕೇಳಿದೆಯಾ ಅಂತ ನೋಡಿ. ಆ ಅಂಕಕ್ಕೆ ಎರಡೇ ವರ್ಷದ ಆಯಸ್ಸು, ಅವಸರದಲ್ಲಿ ಬರೆದರೆ ಬೇಕಾದಾಗ ಹಳತಾಗಿರುತ್ತದೆ. ಉಳಿದ ಅರ್ಜಿಗಳನ್ನೆಲ್ಲ ನೀವೇ ತುಂಬಬಹುದು. ಹಾಗೂ ಸಹಾಯ ಬೇಕು ಅನ್ನಿಸಿದರೆ ಗಂಟೆಯ ಲೆಕ್ಕದಲ್ಲಿ ಸಲಹೆ ಕೊಡುವವರನ್ನು ಹುಡುಕಿ. ಏನೇ ಆಗಲಿ, ಎಲ್ಲ ಖಾತೆಗಳೂ ನಿಮ್ಮ ಸ್ವಂತ ಈಮೇಲ್‌ನಲ್ಲೇ ಇರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಏಜೆನ್ಸಿಯ ಈಮೇಲ್‌ಗೆ ಎಟಿಟಿ ಹೋಗಿ, ಅವರು ತಿಳಿಸುವುದು ತಡವಾಗಿ, 90 ದಿನದಲ್ಲಿ ಅರ್ಧ ಕಳೆದುಹೋದವರನ್ನು ಕಂಡಿದ್ದೇನೆ. ಅವರ ಮುಖ ನೆನೆದರೆ ಈಗಲೂ ಸಂಕಟ ಆಗುತ್ತದೆ.

ಕಡಿಮೆ ಶುಲ್ಕದ ಬೇರೆ ರಾಜ್ಯಕ್ಕೆ ಅರ್ಜಿ ಹಾಕಲೇ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಎನ್‌ಕ್ಲೆಕ್ಸ್ ದೇಶಕ್ಕೆಲ್ಲ ಒಂದೇ, ಲೈಸೆನ್ಸ್ ಮಾತ್ರ ರಾಜ್ಯದ್ದು. ಹಲವು ರಾಜ್ಯಗಳ ನಡುವೆ ಒಂದೇ ಲೈಸೆನ್ಸ್ ನಡೆಯುವ ಒಪ್ಪಂದ ಇದೆ, ನ್ಯೂಯಾರ್ಕ್ ಅದರಲ್ಲಿ ಇಲ್ಲ. ಬೇರೆ ಕಡೆ ಲೈಸೆನ್ಸ್ ಮಾಡಿಸಿದರೆ ನ್ಯೂಯಾರ್ಕ್‌ಗೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ಎಲ್ಲಿ ಕೆಲಸ ಮಾಡುತ್ತೀರೋ ಅಲ್ಲೇ ಹಾಕಿ.

ಈ ಹದಿನಾಲ್ಕು ತಿಂಗಳನ್ನು ಕಡಿಮೆ ಮಾಡುವ ದಾರಿಯೂ ಇದೆ. ನ್ಯೂಯಾರ್ಕ್‌ನ ಹೋಮ್ ಕೇರ್ ಕೆಲಸಗಾರರಲ್ಲಿ ತುಂಬಾ ಜನ 1199ಎಸ್‌ಇಐಯು ಯೂನಿಯನ್ ಸದಸ್ಯರು. ಆ ಯೂನಿಯನ್‌ಗೆ ಸೇರಿದ ಶಿಕ್ಷಣ ನಿಧಿಗಳಿವೆ. ನಿಮ್ಮ ಸಂಬಳದ ಚೀಟಿಯಲ್ಲಿ ಯೂನಿಯನ್ ಕಡಿತ ಇದೆಯಾ ನೋಡಿ. ಇದ್ದರೆ ಲೈಸೆನ್ಸ್ ಪರೀಕ್ಷೆಗೆ ಏನು ನೆರವು ಕೊಡುತ್ತೀರಿ ಅಂತ ಕೇಳಿ. ವಲಸೆ ಬಂದ ವೃತ್ತಿಪರರಿಗೆ ಅಪ್‌ವರ್ಡ್ಲಿ ಗ್ಲೋಬಲ್ ಸಂಸ್ಥೆ ಉಚಿತವಾಗಿ ದಾರಿ ತೋರಿಸುತ್ತದೆ. ಆದಾಯ ಕಡಿಮೆ ಇದ್ದರೆ ಸರ್ಕಾರದ ಅಮೆರಿಕನ್ ಜಾಬ್ ಸೆಂಟರ್‌ಗಳಲ್ಲಿ ಕೆಲವರಿಗೆ ಪರೀಕ್ಷಾ ಶುಲ್ಕವನ್ನೂ ಕಟ್ಟಿಕೊಡುತ್ತಾರೆ. ಇವೆಲ್ಲವನ್ನೂ 600 ಡಾಲರ್ ಕಟ್ಟುವ ಮೊದಲೇ ವಿಚಾರಿಸಿ. ಮುಂಚಿತವಾಗಿ ಒಪ್ಪಿಗೆ ಪಡೆದಿಲ್ಲ ಅನ್ನುವ ಕಾರಣಕ್ಕೇ ಕಟ್ಟಿದ ಹಣ ವಾಪಸ್ ಸಿಗದೇ ಹೋಗಬಹುದು. ಎಲ್ಲ ರಸೀದಿಗಳನ್ನೂ ಒಂದು ಫೋಲ್ಡರ್‌ನಲ್ಲಿ ಇಡಿ. ಮುಂದೆ ಆಸ್ಪತ್ರೆ ಕೆಲಸಕ್ಕೆ ಸೇರುವಾಗ ಲೈಸೆನ್ಸ್ ಖರ್ಚು ಹಿಂದಿರುಗಿಸುತ್ತೀರಾ ಅಂತ ಸಂಬಳದ ಮಾತಿನ ಜೊತೆಗೇ ಕೇಳಬಹುದು, ಆಗ ಅವು ಬೇಕಾಗುತ್ತವೆ.